ಗದ್ಯಭಾಗದ ಹೊರಗಿರುವ ನ್ಯಾಯ

ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಒಂದು ಗದ್ಯಭಾಗ ಕೊಟ್ಟು, ಅದನ್ನು ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ ಎಂದು ಕೇಳುತ್ತಿದ್ದುದು ನಮಗೆಲ್ಲ ನೆನಪಿದೆ. ಓದಿದ್ದು ಅರ್ಥವಾಗದಿದ್ದರೂ ಅಂಕ ಗಳಿಸುವ ಉಪಾಯ ನಮಗೆ ಗೊತ್ತಿತ್ತು. ಪ್ರಶ್ನೆಯಲ್ಲಿರುವ ಪದ ಯಾವ ಸಾಲಿನಲ್ಲಿದೆಯೆಂದು ಹುಡುಕಿ ಆ ಸಾಲನ್ನು ಹಾಗೆಯೇ ಇಳಿಸಿದರಾಯಿತು. ಮಾಸ್ಟ್ರು ಸರಿ ಹಾಕುತ್ತಿದ್ದರು.

ಈಗ ಕಂಪ್ಯೂಟರ್ ಅದೇ ಪರೀಕ್ಷೆಗೆ ಕೂತಿದೆ. ನಲವತ್ತು ಪುಟದ ತೀರ್ಪನ್ನು ಅದರ ಮುಂದಿಟ್ಟು ಪ್ರಶ್ನೆ ಕೇಳಿದರೆ ಕ್ಷಣದಲ್ಲಿ ಉತ್ತರ ಕೊಡುತ್ತದೆ. ಯಂತ್ರವೇ ಕಾನೂನು ಹೇಳುವುದಾದರೆ ವಕೀಲರೇಕೆ, ವರ್ಷಗಟ್ಟಲೆ ಎಳೆಯುವ ನ್ಯಾಯಾಲಯವೇಕೆ ಎಂದು ಓದಿದವರೇ ಕೇಳತೊಡಗಿದ್ದಾರೆ. ಈ ಮಾತನ್ನು ನಾವು ಒಪ್ಪಲಾರೆವು.

ಏಕೆಂದು ತಿಳಿಯಲು ದೂರ ಹೋಗಬೇಕಿಲ್ಲ. ಕಡಬದ ಕಡೆಯ ಅಡಿಕೆ ಕೃಷಿಕರೊಬ್ಬರು ತೋಟದ ಪಕ್ಕದ ಗುಡ್ಡದ ಆರ್‌ಟಿಸಿಯನ್ನು ಯಂತ್ರಕ್ಕೆ ಕೊಟ್ಟು, ಇಲ್ಲಿ ನನಗೇನು ಹಕ್ಕಿದೆ ಎಂದು ಕೇಳಿದರೆನ್ನಿ. ಜಾಗ ಸರಕಾರದ್ದು, ನಿಮಗೆ ಯಾವ ಹಕ್ಕೂ ಇಲ್ಲ ಎಂಬ ಉತ್ತರ ಬಂದೀತು. ಗದ್ಯಭಾಗದ ಪ್ರಕಾರ ಅದು ಸರಿ, ಪೂರ್ಣ ಅಂಕ ಕೊಡಬಹುದು! ಆದರೆ ಅದು ಕುಮ್ಕಿ. ಕದೀಂ ವರ್ಗ ಜಮೀನಿನಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ, ದನ ಮೇಯಿಸುವ ಸವಲತ್ತು ವರ್ಗದಾರನಿಗುಂಟು. ಮದ್ರಾಸ್ ಆಡಳಿತದ ಕಾಲದಿಂದ ಬಂದ ಈ ಸವಲತ್ತನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಉಳಿಸಿಕೊಂಡಿದೆ.

ಹಾಗಾದರೆ ಆ ಕಾಯ್ದೆಯನ್ನೂ ಯಂತ್ರಕ್ಕೆ ಓದಿಸಿದರಾಯಿತು ಎನ್ನುವವರಿದ್ದಾರೆ. ಓದಿಸಲಿ. ಆದರೆ ಅದೇ ಗುಡ್ಡದಲ್ಲಿ ಭೂಮಿಯಿಲ್ಲದ ಕೂಲಿಯವರ ಮನೆಯೊಂದಿದೆ, ಅವರು 94ಸಿ ಅಡಿ ಅರ್ಜಿ ಹಾಕಿ ಕಾಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬರಿಗೆ ಸೊಪ್ಪಿನ ಸವಲತ್ತು, ಇನ್ನೊಬ್ಬರಿಗೆ ತಲೆಯ ಮೇಲಿನ ಸೂರು. ಮನೆ ಎಷ್ಟು ವರ್ಷದ್ದು, ಗಡಿಕಲ್ಲು ಎಲ್ಲಿತ್ತು, ಅದನ್ನು ಸರಿಸಿದವರು ಯಾರು? ಇದನ್ನು ತಿಳಿಯಲು ಯಾರಾದರೂ ಗುಡ್ಡ ಹತ್ತಿ ಸ್ಥಳ ತನಿಖೆ ಮಾಡಬೇಕು, ನೆರೆಹೊರೆಯವರ ಮಾತು ಕೇಳಬೇಕು, ಅವರಲ್ಲಿ ಸುಳ್ಳು ಹೇಳುತ್ತಿರುವವರು ಯಾರೆಂದು ಮುಖ ನೋಡಿ ಅಳೆಯಬೇಕು. ಇದು ಯಾವ ಗದ್ಯಭಾಗದಲ್ಲಿದೆ?

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠವು 2024ರ ಡಿಸೆಂಬರ್‌ನಲ್ಲಿ ಒಂದು ಆದೇಶ ನೀಡಿ, ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಬೇಕಾಯಿತು. ಅದರಲ್ಲಿ ಉಲ್ಲೇಖಿಸಿದ ತೀರ್ಪುಗಳು ಹುಟ್ಟಿಯೇ ಇರಲಿಲ್ಲ! ಯಂತ್ರಕ್ಕೆ ಉತ್ತರ ಗೊತ್ತಿಲ್ಲದಾಗ ಅದು ಹೀಗೆ ಕಟ್ಟಿ ಹೇಳುವುದುಂಟು. ಶಾಲೆಯಲ್ಲಿ ನಾವು ಅಂಥ ಪ್ರಶ್ನೆಯನ್ನು ಖಾಲಿ ಬಿಡುತ್ತಿದ್ದೆವು, ಅಷ್ಟಾದರೂ ಮರ್ಯಾದೆ ನಮಗಿತ್ತು.

ಹಾಗೆಂದು ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷ್. ತನ್ನ ಜಮೀನಿನ ಬಗ್ಗೆ ಬಂದ ಆದೇಶವನ್ನು ತಾನೇ ಓದಲಾಗದ ಕೃಷಿಕ, ಮೊಮ್ಮಗಳ ಮೊಬೈಲ್‌ಗೆ ಶರಣಾಗದೆ ಇನ್ನೇನು ಮಾಡಿಯಾನು? ವಕೀಲರು ಕೂತು ವಿವರಿಸಿದ್ದರೆ ಆತ ಅದರ ಬಳಿ ಹೋಗುತ್ತಿದ್ದನೇ? ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪುಗಳ ಅನುವಾದಕ್ಕಾಗಿ 'ಸುವಾಸ್' ಎಂಬ ತಂತ್ರಾಂಶ ತಂದದ್ದು ಒಳ್ಳೆಯ ಹೆಜ್ಜೆಯೇ. ಆದರೆ 'ಲೀವ್ ಗ್ರಾಂಟೆಡ್' ಎಂಬುದನ್ನು, ಅಂದರೆ ಮೇಲ್ಮನವಿಗೆ ಅನುಮತಿ ಸಿಕ್ಕಿದೆ ಎಂಬುದನ್ನು, ಯಂತ್ರವು ರಜೆ ಮಂಜೂರಾಗಿದೆ ಎಂದು ಹಿಂದಿಗೆ ತಂದ ಪ್ರಸಂಗವನ್ನು ನ್ಯಾಯಮೂರ್ತಿಗಳೇ ಹೇಳಿದ್ದಾರೆ. ಕೇಳಿದವರು ನಕ್ಕಿರಬಹುದು. ಮೇಲ್ಮನವಿಯ ಗಡುವನ್ನು ಹೀಗೊಂದು ತಪ್ಪಿನಿಂದ ಕಳಕೊಳ್ಳುವವನಿಗೆ ನಗು ಬರಲಾರದು.

ಸುಳ್ಯದಿಂದ ಜಾಲ್ಸೂರು ದಾಟಿ ಮುಂದೆ ಹೋದರೆ ಕೇರಳದ ಗಡಿ. ಕೃತಕ ಬುದ್ಧಿಮತ್ತೆಯಿಂದ ತೀರ್ಮಾನ, ಪರಿಹಾರ, ತೀರ್ಪು ಯಾವುದನ್ನೂ ರೂಪಿಸಬಾರದೆಂದು ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ಕಟ್ಟಪ್ಪಣೆ ಮಾಡಿದೆ. ಕಾಸರಗೋಡಿನ ಕಕ್ಷಿದಾರನಿಗೆ ಸಿಕ್ಕ ಈ ರಕ್ಷಣೆ ಪುತ್ತೂರು, ಸುಳ್ಯ, ಕಡಬದವರಿಗೂ ಬೇಕೆಂದು ನಾವು ಕೇಳುತ್ತೇವೆ. ಯಂತ್ರ ಕಡತ ಹುಡುಕಲಿ, ಅನುವಾದದ ಕರಡು ಮಾಡಲಿ. ಆದರೆ ಕೃಷಿಕನ ಕೈಗೆ ಬರುವ ಕನ್ನಡ ಪ್ರತಿಯ ಕೆಳಗೆ, ಅದನ್ನು ಮೂಲದೊಡನೆ ಹೋಲಿಸಿ ನೋಡಿದವರ ಹೆಸರು ಮತ್ತು ಸಹಿ ಇರಬೇಕು. ತಪ್ಪಾದರೆ ಹೋಗಿ ಕೇಳಲು ಅವನಿಗೊಬ್ಬ ಮನುಷ್ಯ ಸಿಗಬೇಕು.