ಬೀಗದ ಕೈ ಪಡೆಯುವ ಮುನ್ನ

ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ ಇಪ್ಪತ್ತಾರು ವರ್ಷ ಕುಳಿತ ನಮ್ಮ ಓದುಗರೊಬ್ಬರು ಕಳೆದ ತಿಂಗಳು ಕಚೇರಿಗೆ ಬಂದಿದ್ದರು. ವೈಶಾಖದಲ್ಲಿ ವಿರಾರದ ಹೊಸ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ ಅವರ ಗೃಹಪ್ರವೇಶ ನಡೆದಿತ್ತು. ಊರಿನಿಂದ ತಾಯಿಯೂ ದೊಡ್ಡಪ್ಪನೂ ಮತ್ಸ್ಯಗಂಧಾ ರೈಲಿನಲ್ಲಿ ಬಂದು, ಹಾಲುಕ್ಕಿಸಿ, ಹರಸಿ ಹೋಗಿದ್ದರು. ಜೂನ್ ತಿಂಗಳ ಎರಡನೆಯ ಮಳೆಗೇ ಕಿಟಕಿಯ ಕೆಳಗಿನ ಗೋಡೆ ಒದ್ದೆಯಾಯಿತು. ಬಚ್ಚಲಿನ ನೀರು ಕೆಳಗಿನ ಮನೆಯ ಛಾವಣಿಗೆ ಇಳಿದು, ಆ ಮನೆಯವರು ಮೇಲೆ ಬಂದು ಜಗಳ ತೆಗೆದರು. ಬಿಲ್ಡರನ ಕಚೇರಿಗೆ ದೂರು ಒಯ್ದಾಗ ಅಲ್ಲಿಯ ಗುಮಾಸ್ತ ಇವರದೇ ರುಜುವಿದ್ದ ಕಾಗದವೊಂದನ್ನು ಮುಂದಿಟ್ಟ. ಮನೆಯನ್ನು ಪರೀಕ್ಷಿಸಿ, ಎಲ್ಲವೂ ಸರಿಯಾಗಿದೆಯೆಂದು ತೃಪ್ತಿಪಟ್ಟು ಬೀಗದ ಕೈ ಪಡೆದಿದ್ದೇನೆ ಎಂಬುದು ಅದರ ಒಕ್ಕಣೆ. ಪರೀಕ್ಷಿಸಿದ್ದಿರಾ ಎಂದು ನಾವು ಕೇಳಿದೆವು. “ಎಲ್ಲಿಯದ್ದು ಮಾರಾಯ್ರೆ, ಮುಹೂರ್ತಕ್ಕೆ ನಾಲ್ಕೇ ದಿನ ಇತ್ತು” ಎಂದರು.

ಇದು ಅವರೊಬ್ಬರ ಕಥೆಯಲ್ಲ. ನಮ್ಮವರು ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸದೆ ಕೊಳ್ಳುವುದಿಲ್ಲ. ಅಕ್ಕಿಯ ಮೂಟೆಗೆ ಚುಚ್ಚಿ ಹಿಡಿಯಷ್ಟು ತೆಗೆದು ನೋಡುತ್ತಾರೆ. ಹಾಲಿನಲ್ಲಿ ನೀರೆಷ್ಟೆಂಬುದನ್ನು ನಾಲಗೆಯಿಂದಲೇ ಹೇಳಬಲ್ಲ ಹುಡುಗರು ನಮ್ಮ ಹೋಟೆಲುಗಳಲ್ಲಿದ್ದಾರೆ. ಆದರೆ ಇಪ್ಪತ್ತು ವರ್ಷದ ಸಾಲವನ್ನು ತಲೆಯ ಮೇಲೆ ಹೊತ್ತು ಕೊಳ್ಳುವ ಮನೆಯಲ್ಲಿ ಅವರು ನೋಡುವುದು ಗೋಡೆಯ ಬಣ್ಣವನ್ನು ಮತ್ತು ದೇವರ ಮೂಲೆಯ ದಿಕ್ಕನ್ನು. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನಿಗೆ ಪುರಸೊತ್ತಿಲ್ಲ ಎಂಬುದನ್ನು ನಾವು ಬಲ್ಲೆವು. ಚಾಳಿನ ಒಂದೇ ಖೋಲಿಯಲ್ಲಿ ಐವರು ಮಲಗಿ ಕಳೆದವರಿಗೆ ಸ್ವಂತ ಬಾಗಿಲು, ಸ್ವಂತ ನಲ್ಲಿ ಎಂಬ ಸಂತೋಷದಲ್ಲಿ ಕುಂದು ಹುಡುಕುವ ಮನಸ್ಸು ಬಾರದೆಂಬುದನ್ನೂ ಬಲ್ಲೆವು. ಆ ಸಂತೋಷವೇ ಬಿಲ್ಡರನಿಗೆ ಅನುಕೂಲ.

ಈ ಉಪದೇಶ ಮಾಡಲು ನಮಗೇನು ಅಧಿಕಾರವೆಂದು ಕೇಳಿದರೆ, ಕಾಸು ಕಳೆದುಕೊಂಡು ಕಲಿತ ಅಧಿಕಾರವೆನ್ನಬೇಕು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಅಡುಗೆಮನೆಯ ನೆಲಕ್ಕೆ ಹೊಸ ಕಲ್ಲು ಹಾಸಿಸಿದೆವು. ಕೆಲಸ ನೋಡಲು ಕನ್ನಡಿಯಂತಿತ್ತು; ಹಣ ಕೊಟ್ಟು ಕಳುಹಿಸಿದೆವು. ಮರುದಿನ ರಾತ್ರಿ ನೆಲ ತೊಳೆದಾಗ ನೀರು ಮೋರಿಯ ಕಡೆಗೆ ಹೋಗದೆ ಉಗ್ರಾಣದ ಕಡೆಗೆ ಹರಿಯಿತು. ಬೆಳಗಾಗುವಾಗ ಕೆಳಗಿನ ಸಾಲಿನ ಅಕ್ಕಿಮೂಟೆಗಳೆಲ್ಲ ನೆನೆದಿದ್ದವು. ಗುತ್ತಿಗೆದಾರ ಮತ್ತೆ ಮುಖ ತೋರಿಸಲಿಲ್ಲ. ಹಣ ಕೊಡುವ ಮೊದಲು ಒಂದು ಬಾಲ್ದಿ ನೀರು ಚೆಲ್ಲಿ ನೋಡುವ ಬುದ್ಧಿ ನಮಗೆ ಹೊಳೆಯಲಿಲ್ಲ.

ಹೊಸ ಮನೆಗೂ ಆ ಬಾಲ್ದಿ ನೀರೇ ಮೊದಲನೆಯ ಪರೀಕ್ಷಕ. ಬಚ್ಚಲು, ಶೌಚಾಲಯ, ಬಾಲ್ಕನಿಗಳಲ್ಲಿ ನೀರು ಚೆಲ್ಲಿ, ಅದು ಎಲ್ಲಿಯೂ ನಿಲ್ಲದೆ ಮೋರಿ ಸೇರುವುದೋ ನೋಡಬೇಕು. ಅನಂತರ ಮೋರಿಯ ಬಾಯಿಗೆ ಬಟ್ಟೆ ತುರುಕಿ, ಒಂದೆರಡು ಅಂಗುಲ ನೀರು ನಿಲ್ಲಿಸಿ, ಕನಿಷ್ಠ ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಟ್ಟು, ಕೆಳಗಿನ ಮನೆಯವರ ಅನುಮತಿ ಪಡೆದು ಅವರ ಛಾವಣಿಯನ್ನು ನೋಡಬೇಕು. ತೇವದ ಕಲೆ ಕಂಡರೆ ನೆಲದಡಿಯ ಜಲನಿರೋಧಕ ಪದರ ಕೆಟ್ಟಿದೆ ಅಥವಾ ಕೊಳವೆಯ ಸಂದು ಸೋರುತ್ತಿದೆ ಎಂದರ್ಥ. ಟೈಲ್ಸು ಕೂರಿಸಿದ ಮೇಲೆ ಇದನ್ನು ಸರಿಪಡಿಸಬೇಕಾದರೆ ಹಾಕಿದ್ದನ್ನೆಲ್ಲ ಅಗೆದು ತೆಗೆಯಬೇಕಾಗುತ್ತದೆ. ಆದುದರಿಂದಲೇ ಬಿಲ್ಡರ್ ಇದೊಂದನ್ನು ಮಾತ್ರ ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ.

ಒಂದು ನಾಣ್ಯವೂ ಸಾಕಷ್ಟು ಸತ್ಯ ಹೇಳುತ್ತದೆ. ಟೈಲ್ಸಿನ ಮೇಲೆ ನಾಲ್ಕು ಮೂಲೆಗೂ ನಡುವಿಗೂ ಅದರಿಂದ ತಟ್ಟಿದರೆ, ಕೆಳಗೆ ಗಾರೆ ತುಂಬಿರುವಲ್ಲಿ ಗಟ್ಟಿ ಸದ್ದು, ಪೊಳ್ಳಿರುವಲ್ಲಿ ಖಾಲಿ ಡಬ್ಬಿಯ ಸದ್ದು ಬರುತ್ತದೆ. ಪೊಳ್ಳಿನ ಮೇಲೆ ಕಪಾಟು ಇಟ್ಟ ದಿನ ಟೈಲ್ಸು ಒಡೆಯುತ್ತದೆ.

ಗೋಡೆಯ ಬಿರುಕುಗಳನ್ನು ಕಂಡು ಗಾಬರಿಗೊಳ್ಳುವವರೂ ಉಂಟು, ಎಲ್ಲವನ್ನೂ ಕಡೆಗಣಿಸುವವರೂ ಉಂಟು. ಕೂದಲೆಳೆಯಂಥ ಬಿರುಕು ಗಿಲಾವು ಒಣಗುವಾಗ ಬರುತ್ತದೆ, ಅದರಿಂದ ಅಪಾಯವಿಲ್ಲ. ಕಾಂಕ್ರೀಟಿನ ಕಂಬವೂ ಇಟ್ಟಿಗೆಯ ಗೋಡೆಯೂ ಸೇರುವಲ್ಲಿ ನೇರವಾಗಿ ಇಳಿದ ಬಿರುಕು, ಅಲ್ಲಿ ತಂತಿಯ ಜಾಲರಿ ಹಾಕದೆ ಗಿಲಾವು ಮಾಡಿದ್ದಾರೆಂಬುದರ ಸೂಚನೆಯಾಗಿರಬಹುದು. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತ ಹೋಗುವ ಬಿರುಕನ್ನೂ, ಕಂಬ ತೊಲೆಗಳ ಮೇಲಿನ ಬಿರುಕನ್ನೂ ಇಂಜಿನಿಯರರಿಗೆ ತೋರಿಸದೆ ಬಿಡಬಾರದು. ಹೊಸ ಮನೆಯಲ್ಲಿ ಒಂದೇ ಗೋಡೆಗೆ ಮಾತ್ರ ಹಸಿ ಬಣ್ಣದ ವಾಸನೆಯಿದ್ದರೆ, ಆ ಗೋಡೆಯನ್ನೇ ಎರಡು ಸಲ ನೋಡಿರಿ.

ಕಿಟಕಿಯ ಕೆಳಹಳಿಯಲ್ಲಿ ನೀರು ಹೊರಹೋಗುವ ತೂತುಗಳಿವೆಯೇ, ಹೊರಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿದೆಯೇ ಎಂಬುದು ಮುಂಬಯಿಯ ಮಳೆ ಕಂಡವರಿಗೆ ಸಣ್ಣ ಮಾತಲ್ಲ. ನಮ್ಮ ಓದುಗರ ಗೋಡೆ ಒದ್ದೆಯಾದುದು ಇಲ್ಲಿಂದಲೇ. ಪ್ರತಿಯೊಂದು ಪ್ಲಗ್ಗಿಗೂ ವಿದ್ಯುತ್ ಬರುವುದೋ, ಅರ್ಥಿಂಗ್ ಇದೆಯೋ ಎಂಬುದನ್ನು ಬಲ್ಲವರಿಂದ ನೋಡಿಸಬೇಕು. ವಿದ್ಯುತ್ ಪೆಟ್ಟಿಗೆಯಲ್ಲಿ ಸೋರಿಕೆ ತಡೆಯುವ ಸ್ವಿಚ್ಚಿಗೆ ಪರೀಕ್ಷಾ ಗುಂಡಿಯೊಂದು ಇರುತ್ತದೆ. ಒತ್ತಿದೊಡನೆ ವಿದ್ಯುತ್ ಕಡಿಯಬೇಕು. ಅಳತೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಕಾನೂನಿನ ಕಾರ್ಪೆಟ್ ಕ್ಷೇತ್ರದಲ್ಲಿ ಮನೆಯೊಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆಗಳೂ ಬಾಲ್ಕನಿಯೂ ಸೇರುವುದಿಲ್ಲ. ಬ್ಯಾಂಕಿನವರು ನೋಡಿದ್ದಾರಲ್ಲ ಎನ್ನುವವರಿಗೆ ಒಂದು ಮಾತು: ಬ್ಯಾಂಕು ನೋಡುವುದು ತನ್ನ ಸಾಲಕ್ಕೆ ಭದ್ರತೆಯಿದೆಯೇ ಎಂದು. ನಿಮ್ಮ ಬಚ್ಚಲಿನ ಸೋರಿಕೆ ಅದರ ಚಿಂತೆಯಲ್ಲ.

ಹೀಗೆ ಕಂಡುಬಂದುದನ್ನೆಲ್ಲ ಬಾಯಿಮಾತಿನಲ್ಲಿ ಹೇಳಿ ಬರುವುದು ನಮ್ಮವರ ಎರಡನೆಯ ತಪ್ಪು. ಮೇಸ್ತ್ರಿ “ಹೋ ಜಾಯೇಗಾ” ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಕೋಣೆಕೋಣೆಯ ದೋಷಗಳನ್ನು ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು, ಸ್ಪೀಡ್ ಪೋಸ್ಟಿನಲ್ಲಿಯೂ ಈಮೇಲಿನಲ್ಲಿಯೂ ಕಳುಹಿಸಿ ರಶೀದಿ ಇಟ್ಟುಕೊಳ್ಳಬೇಕು. ಸ್ವಾಧೀನಪತ್ರಕ್ಕೆ ರುಜು ಹಾಕಲೇಬೇಕಾದರೆ “ಲಗತ್ತಿಸಿದ ಪಟ್ಟಿಯ ದೋಷಗಳಿಗೆ ಒಳಪಟ್ಟು” ಎಂದು ಕೈಯಿಂದ ಬರೆದು ರುಜು ಹಾಕಬೇಕು.

ಕಾನೂನು ಈ ವಿಷಯದಲ್ಲಿ ಕೊಂಡವನ ಪರವಾಗಿಯೇ ಇದೆ. 2016ರ ಸ್ಥಿರಾಸ್ತಿ ಕಾನೂನು, ಅಂದರೆ ಜನರು ರೇರಾ ಎನ್ನುವುದು, ತನ್ನ 14ನೆಯ ಕಲಮಿನಲ್ಲಿ ಹೇಳುವುದಿಷ್ಟು: ಮನೆ ಒಪ್ಪಿಸಿದ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ ಅದನ್ನು 30 ದಿನಗಳೊಳಗೆ ಬಿಡಿಗಾಸು ಕೇಳದೆ ಸರಿಪಡಿಸಬೇಕು, ತಪ್ಪಿದರೆ ಪರಿಹಾರ ಕೊಡಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿ ಮಹಾರೇರಾ ಪ್ರಾಧಿಕಾರ 2017ರಿಂದ ದೂರುಗಳನ್ನು ಸ್ವೀಕರಿಸುತ್ತಿದೆ. ನಮ್ಮ ಓದುಗರ ಆ ಒಂದು ರುಜು ಈ ಐದು ವರ್ಷದ ಹಕ್ಕನ್ನು ಅಳಿಸಲಾರದೆಂಬುದೇ ನಮ್ಮ ಅಭಿಪ್ರಾಯ. ಆದರೆ ಒಡೆದ ಟೈಲ್ಸು, ಗೀರು ಬಿದ್ದ ಬಾಗಿಲುಗಳಂಥ ಕಣ್ಣಿಗೆ ಕಾಣುವ ದೋಷಗಳನ್ನು ಅಂದೇ ತೋರಿಸದಿದ್ದರೆ, ಅವು ನೀವು ವಾಸಕ್ಕೆ ಬಂದ ಮೇಲೆ ಆದವೆಂದು ಬಿಲ್ಡರ್ ವಾದಿಸುವುದು ನಿಶ್ಚಯ. ಅವಸರವೂ ಬೇಕಿಲ್ಲ. ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲು ವಾಸಯೋಗ್ಯತಾ ಪತ್ರ ಬಂದ ಮೇಲೆ 2 ತಿಂಗಳ ಅವಧಿಯನ್ನು ಅದೇ ಕಾನೂನು ಕೊಟ್ಟಿದೆ. ಮುಹೂರ್ತವನ್ನು ಪುರೋಹಿತರು ಗೊತ್ತುಮಾಡಲಿ. ಆದರೆ ಇಂಜಿನಿಯರರು ಮನೆ ನೋಡಿ ಹೋದ ಅನಂತರದ ದಿನಗಳಲ್ಲಿ ಗೊತ್ತುಮಾಡಲಿ.

ಓಸಿ ಎಂದು ಕರೆಯಲಾಗುವ ಆ ವಾಸಯೋಗ್ಯತಾ ಪತ್ರವಿಲ್ಲದ ಕಟ್ಟಡದಲ್ಲಿ ಬಚ್ಚಲಿನ ಇಳಿಜಾರು ನೋಡುವುದು ವ್ಯರ್ಥ. 2013ರ ಏಪ್ರಿಲಿನಲ್ಲಿ ಮುಂಬ್ರಾದ ಬಳಿ ಅನಧಿಕೃತ ಕಟ್ಟಡವೊಂದು ಕಟ್ಟುತ್ತಿರುವಾಗಲೇ ಕುಸಿದು 74 ಜನ ಸತ್ತರು. 2025ರ ಆಗಸ್ಟಿನಲ್ಲಿ ವಿರಾರದಲ್ಲಿಯೇ ಕಟ್ಟಡವೊಂದರ ಭಾಗ ಕುಸಿದು 17 ಜೀವ ಹೋಯಿತು. ಅಗ್ಗವೆಂದು ಅಂಥ ಕಟ್ಟಡಗಳತ್ತ ಹೋಗುವವರು ಹೆಚ್ಚಾಗಿ ನಮ್ಮಂಥ ಹೊರಗಿನಿಂದ ಬಂದ ಬಡವರೇ. 500 ಚದರ ಮೀಟರಿಗೆ ಮೀರದ ನಿವೇಶನದ ಅಥವಾ 8ಕ್ಕೆ ಮೀರದ ಮನೆಗಳ ಯೋಜನೆಗೆ ರೇರಾ ನೋಂದಣಿಯ ಕಡ್ಡಾಯವಿಲ್ಲವೆಂಬುದನ್ನೂ ಅವರು ತಿಳಿದಿರಬೇಕು. ಅಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು.

ನಮ್ಮ ಪತ್ರಿಕೆಯಲ್ಲಿಯೂ ಬಿಲ್ಡರರ ಜಾಹೀರಾತು ಬರುತ್ತದೆಯಲ್ಲ ಎಂದು ಯಾರಾದರೂ ಕೇಳುವ ಮೊದಲೇ ಒಪ್ಪಿಕೊಳ್ಳುತ್ತೇವೆ, ಬರುತ್ತದೆ. ಅವರಲ್ಲಿ ಕೆಲವರು ನಮ್ಮ ಊರಿನವರೇ. ನಮ್ಮವರೆಂಬ ಒಂದೇ ಕಾರಣಕ್ಕೆ ಕರಾರುಪತ್ರವನ್ನು ಓದದೆ ರುಜು ಹಾಕಿದವರ ಕಾಗದಗಳು ನಮ್ಮ ಮೇಜಿನ ಮೇಲಿವೆ. ಚೆನ್ನಾಗಿ ಕಟ್ಟುವವನಿಗೆ ಪರೀಕ್ಷೆಯಿಂದ ನಷ್ಟವಿಲ್ಲ. ಈ ಮಾತಿನಿಂದ ಜಾಹೀರಾತೊಂದು ತಪ್ಪಿಹೋದರೆ ಹೋಗಲಿ.

ಖಾಸಗಿ ಪರೀಕ್ಷಕರು ಒಂದು ಮನೆ ನೋಡಲು ಕೆಲವು ಸಾವಿರ ರೂಪಾಯಿ ಕೇಳುತ್ತಾರೆ. ಸಾಲದ ಮೊತ್ತದ ಮುಂದೆ ಅದು ಅಲ್ಪವಾದರೂ ಗೃಹಪ್ರವೇಶದ ಖರ್ಚಿನ ನಡುವೆ ಗಲ್ಲಾದವನಿಗೂ ಗುಮಾಸ್ತನಿಗೂ ಭಾರವೇ. ಈ ನಗರದ ಕನ್ನಡ ಸಂಘಗಳಲ್ಲಿ ಸಿವಿಲ್ ಇಂಜಿನಿಯರರು, ನಿವೃತ್ತ ಓವರ್ಸಿಯರರು, ವಕೀಲರು ಎಷ್ಟೋ ಮಂದಿ ಸದಸ್ಯರಾಗಿದ್ದಾರೆ. ಯಕ್ಷಗಾನಕ್ಕೂ ಸನ್ಮಾನಕ್ಕೂ ಸಭಾಗೃಹ ತುಂಬಿಸುವ ಸಂಘಗಳು ತಿಂಗಳಿಗೊಂದು ಭಾನುವಾರ ಇವರಲ್ಲಿ ಇಬ್ಬರನ್ನು ಮನೆ ಕೊಳ್ಳುವವರ ಜೊತೆಗೆ ಕಳುಹಿಸಲಾರವೇ? ಹೋಗಿಬರುವ ರೈಲಿನ ಖರ್ಚನ್ನು ಮನೆಯವರು ಕೊಡಲಿ, ಒಂದು ಊಟವನ್ನೂ ಹಾಕಲಿ. ಮುಂದೆ ಬರುವ ಸಂಘಗಳ ಹೆಸರು, ದಿನ, ಸ್ಥಳಗಳನ್ನು ನಾವು ಉಚಿತವಾಗಿ ಪ್ರಕಟಿಸುತ್ತೇವೆ.

ವಿರಾರದ ಆ ಓದುಗರ ಮನೆಗೆ ನಮ್ಮ ಪರಿಚಯದ ನಿವೃತ್ತ ಇಂಜಿನಿಯರರೊಬ್ಬರು ಹೋಗಿಬಂದರು. ಹದಿನೇಳು ದೋಷಗಳ ಪಟ್ಟಿ ಚಿತ್ರಗಳೊಂದಿಗೆ ಬಿಲ್ಡರನಿಗೆ ತಲುಪಿದೆ. ಮೂವತ್ತು ದಿನಗಳಲ್ಲಿ ಹತ್ತೊಂಬತ್ತು ಕಳೆದಿವೆ. ಮೊನ್ನೆ ಬಿಲ್ಡರನ ಕಡೆಯವನೊಬ್ಬ ಬಂದು ಬಚ್ಚಲಿನ ಅಳತೆ ತೆಗೆದುಕೊಂಡು ಹೋದನಂತೆ.