ಸಂಶೋಧನೆ ಮಾಡುವ ತಾಯಿ ತಂದೆಯರ ಪ್ರಣಾಳಿಕೆ

ಮಹಾಪ್ರಬಂಧ ಬರೆಯುತ್ತ ಮಕ್ಕಳನ್ನು ಬೆಳೆಸುತ್ತಿರುವವರು ನಾವು. ಮಾನಸಗಂಗೋತ್ರಿಯಲ್ಲಿ, ಹಂಪಿಯಲ್ಲಿ, ಕೊಣಾಜೆಯಲ್ಲಿ, ಧಾರವಾಡ ಕಲಬುರಗಿಗಳಲ್ಲಿ ಇದ್ದೇವೆ. ಈವರೆಗೆ ಒಬ್ಬೊಬ್ಬರೇ ಇದ್ದೆವು. ಇನ್ನು ಮುಂದೆ ಒಟ್ಟಿಗಿರುತ್ತೇವೆ.

ಹಳೆಯ ವಿಶ್ವವಿದ್ಯಾಲಯ ಕಲ್ಪಿಸಿಕೊಂಡ ಸಂಶೋಧಕನಿಗೆ ಮನೆಯ ಚಿಂತೆಯೇ ಇರಲಿಲ್ಲ. ಅವನ ಬುತ್ತಿ ಯಾರೋ ಕಟ್ಟುತ್ತಿದ್ದರು, ಅವನ ಮಗುವಿಗೆ ಜ್ವರ ಬಂದರೆ ಯಾರೋ ರಾತ್ರಿಯಿಡೀ ಎಚ್ಚರವಿರುತ್ತಿದ್ದರು. ಪ್ರಬಂಧ ಅಚ್ಚಾದಾಗ ಕೃತಜ್ಞತೆಯ ಪುಟದ ಕೊನೆಯ ಸಾಲಿನಲ್ಲಿ ಆಕೆಗೊಂದು ಜಾಗ ಸಿಗುತ್ತಿತ್ತು. ಇಂದು ಆಕೆಯೇ ಸಂಶೋಧನಾರ್ಥಿ. ಗಡುವುಗಳು ಮಾತ್ರ ಇನ್ನೂ ಅವನ ಗಡಿಯಾರದ ಪ್ರಕಾರ ನಡೆಯುತ್ತಿವೆ.

ಯುಜಿಸಿಯ 2022ರ ನಿಯಮಾವಳಿ ಪಿಎಚ್.ಡಿ.ಗೆ 6 ವರ್ಷದ ಮಿತಿ ಹಾಕಿ, ಮರುನೋಂದಣಿ ಮಾಡಿಸಿದರೆ 2 ವರ್ಷ, ಮಹಿಳೆಯರಿಗೆ ಮತ್ತೂ 2 ವರ್ಷ ಕೊಡುತ್ತದೆ. ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಕೊಡಲು ಅವಕಾಶವಿದೆ, ಅದೂ ಮಹಿಳೆಯರಿಗೆ ಮಾತ್ರ. ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಜೆಆರ್‌ಎಫ್, ಎಸ್‌ಆರ್‌ಎಫ್ ಎರಡೂ ಸೇರಿ ಫೆಲೋಶಿಪ್ 5 ವರ್ಷಕ್ಕೆ ಮುಗಿಯುತ್ತದೆ. ಹೆಚ್ಚುವರಿ ಕಾಲ ಪಡೆದ ತಾಯಿ ಆ ಕಾಲವನ್ನು ಖಾಲಿ ಕೈಯಲ್ಲಿ ಕಳೆಯಬೇಕು. ಆ ಫೆಲೋಶಿಪ್ಪೂ ಇಲ್ಲದವರು ಅತಿಥಿ ಉಪನ್ಯಾಸಕಿಯರಾಗಿ ಊರೂರು ಬಸ್ಸು ಹತ್ತಿ ಇಳಿದು, ಮಗು ಮಲಗಿದ ಮೇಲೆ ಅಧ್ಯಾಯ ತೆರೆಯುತ್ತಾರೆ.

ನಿಯಮದಲ್ಲಿ ಬರೆಯಲಾಗದ ಸಂಗತಿಗಳನ್ನು ನಾವು ಇಲ್ಲಿ ಬರೆಯುತ್ತೇವೆ. ವರ್ಷಗಟ್ಟಲೆ ಕಾಡಿದ ಅಧ್ಯಾಯವೊಂದು ಕೂಡಿ ಬಂದ ಮಧ್ಯಾಹ್ನ ಮೈಯೆಲ್ಲ ಹಗುರಾಗುತ್ತದೆ. ಅದೇ ಸಂಜೆ ಮಗು ಅಜ್ಜಿಯ ಸೊಂಟದಿಂದ ಇಳಿದು ಬರಲೊಲ್ಲದು. ಗೈಡ್ "ಇದರಲ್ಲಿ ವಾದವೇ ಇಲ್ಲವಲ್ಲಮ್ಮ" ಎಂದು ಹಾಳೆ ಹಿಂದಿರುಗಿಸಿದ ದಿನವೇ ಮಗು ಮೊದಲ ಹೆಜ್ಜೆ ಇಡುತ್ತದೆ. ಯಾವುದಕ್ಕೆ ಅಳಬೇಕು, ಯಾವುದಕ್ಕೆ ನಗಬೇಕು ತಿಳಿಯುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಹೋದ ಊರಿನಲ್ಲಿ, ಹಾಡುವ ಹಿರಿಯಳ ಮುಂದೆ ರೆಕಾರ್ಡರ್ ಇಟ್ಟು ಕುಳಿತಾಗ, ಹಾಲು ತುಂಬಿ ಎದೆ ಬಿಗಿಯುತ್ತದೆ. ವಿಭಾಗದಲ್ಲಿ "ಪಿಎಚ್.ಡಿ. ಮುಗಿಸಿಯೇ ಮಗು ಮಾಡಿಕೊಳ್ಳಬಹುದಿತ್ತಲ್ಲ" ಎನ್ನುತ್ತಾರೆ. ಮನೆಯಲ್ಲಿ "ಕೂಸು ಬಿಟ್ಟು ಅದೆಂಥ ಓದು" ಎನ್ನುತ್ತಾರೆ. ಮಗುವಿಗೆ ಜ್ವರವೆಂದರೆ ನಂಬಿಕೆ ಕಳೆದುಕೊಂಡೇವೆಂದು ಹೆದರಿ, ನಮಗೇ ಹುಷಾರಿಲ್ಲವೆಂದು ಹೇಳುತ್ತ ಬಂದಿದ್ದೇವೆ. ಅಪ್ಪಂದಿರಿಗೆ ಆ ನೆಪ ಹೇಳುವ ಧೈರ್ಯವೂ ಇರಲಿಲ್ಲ.

ಇನ್ನು ಆ ಸುಳ್ಳು ಹೇಳುವುದಿಲ್ಲ.

ಈ ಏರಿಳಿತ ನಮ್ಮ ದೌರ್ಬಲ್ಯವೆಂದು ನಾವು ಒಪ್ಪುವುದಿಲ್ಲ. ಇಡೀ ಮನಸ್ಸನ್ನು ಬೇಡುವ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವವರಿಗೆ ಮನಸ್ಸು ಏರಿ ಇಳಿಯುವುದು ಸಹಜ. ಎರಡೂ ನಿಧಾನದ ಕೆಲಸಗಳು. ತಿಂಗಳುಗಟ್ಟಲೆ ದುಡಿದರೂ ತೋರಿಸಲು ಏನೂ ಇರುವುದಿಲ್ಲ. ಅರ್ಧಕ್ಕೆ ಬಿಟ್ಟ ವಾಕ್ಯಕ್ಕೆ ಮರಳಿ ಬಂದು ಅದನ್ನು ಪೂರ್ತಿ ಮಾಡುವ ಛಲ ನಮ್ಮಲ್ಲಿದೆ. ನಮ್ಮನ್ನು ದಣಿಸಿದ್ದು ಆ ಕೆಲಸಗಳಿಗಿಂತ ಹೆಚ್ಚಾಗಿ ಅವುಗಳಲ್ಲೊಂದನ್ನು ಸದಾ ಬಚ್ಚಿಡಬೇಕಾಗಿ ಬಂದ ಸಂಕಟ.

240 ದಿನಗಳ ರಜೆ ಹಕ್ಕಾಗಬೇಕು, ಗೈಡ್ ಅವರ ಔದಾರ್ಯಕ್ಕೆ ಬಿಟ್ಟ ವಿಷಯವಾಗಬಾರದು. ಹೆಚ್ಚುವರಿ ಕಾಲದ ಜೊತೆ ಫೆಲೋಶಿಪ್ಪೂ ಬೆಳೆಯಬೇಕು. ಅಪ್ಪನಿಗೂ ರಜೆ ಬೇಕು, ಇಲ್ಲವಾದರೆ ಅಮ್ಮನ ರಜೆ ಎಂದಿಗೂ ಅವಳೊಬ್ಬಳ ಹೊರೆಯೇ. 2023–24ರ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಘೋಷಿಸಿತು. ನರೇಗಾ ಕೆಲಸಕ್ಕೆ ಹೋಗುವ ತಾಯಿಯ ಮಗು ಸುರಕ್ಷಿತವಾಗಿದ್ದರಷ್ಟೇ ಅವಳು ನಿಶ್ಚಿಂತೆಯಿಂದ ದುಡಿಯಬಲ್ಲಳು ಎಂಬುದನ್ನು ನಾಡು ಒಪ್ಪಿದೆ. ಅದು ಈ ನಾಡಿನ ದೊಡ್ಡತನ. ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದ ಪಕ್ಕದಲ್ಲೂ ಒಂದು ಕೂಸಿನ ಮನೆ ಬೇಕು. ಅಧ್ಯಾಪಕಿ, ಸಂಶೋಧಕಿ, ಕಸ ಗುಡಿಸುವಾಕೆ ಎಲ್ಲರ ಮಕ್ಕಳೂ ಅಲ್ಲಿ ಒಟ್ಟಿಗೆ ಆಡಬೇಕು.

ಸರ್ಕಾರದ ಆದೇಶಕ್ಕೆ ಕಾಯದೆ ಕೆಲವನ್ನು ನಾವೇ ಶುರುಮಾಡುತ್ತೇವೆ. ಸಂಗಾತಿಯ ವೈವಾ ಇದ್ದ ದಿನ ಅವಳ ಮಗುವನ್ನು ನಾವು ನೋಡಿಕೊಳ್ಳುತ್ತೇವೆ. ಅದರಲ್ಲಿ ಗಂಡಸರ ಪಾಲು ಅರ್ಧ. ಪದವಿ ಪಡೆದವರು ಹೊಸಬರ ಸಿನಾಪ್ಸಿಸ್ ಓದಿಕೊಡುತ್ತಾರೆ. ನಮ್ಮಲ್ಲಿ ನಾಳೆ ಗೈಡ್ ಆಗುವವರು ಮಗುವಿನ ಜ್ವರವನ್ನು ಪ್ರಗತಿ ವರದಿಯ ವಿಳಂಬಕ್ಕೆ ಪೂರ್ಣ ಕಾರಣವೆಂದು ಒಪ್ಪುತ್ತಾರೆ.

ಈಗಷ್ಟೇ ಕೋರ್ಸ್‌ವರ್ಕ್‌ಗೆ ಸೇರಿದವರೇ, ಹೊಟ್ಟೆಯಲ್ಲಿ ಮಗುವಿದೆಯೆಂದು ಹೇಳಲು ಹಿಂಜರಿಯುತ್ತಿರುವವರೇ, ನಮ್ಮ ಜೊತೆ ಬನ್ನಿ. ಓದು ನಿಲ್ಲಿಸಿ ಮನೆ ಸೇರಿದವರೇ, ನಿಮ್ಮ ಟಿಪ್ಪಣಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಮರುನೋಂದಣಿಯ ಅರ್ಜಿ ತುಂಬುವಾಗ ನಿಮ್ಮ ಪಕ್ಕದಲ್ಲಿ ನಾವು ಕೂರುತ್ತೇವೆ.