ನಾಲಿಗೆಗೆ ಪರೀಕ್ಷೆ, ಕಿವಿಗೆ?

ಅಮೆರಿಕಕ್ಕೆ ಓದಲು ಹೊರಟವರು ಟೋಫೆಲ್ ಮುಗಿದರೆ ಇಂಗ್ಲಿಷಿನ ಗಂಡಾಂತರ ಕಳೆಯಿತೆಂದುಕೊಳ್ಳುತ್ತಾರೆ. ಆದರೆ ಟೀಚಿಂಗ್ ಅಸಿಸ್ಟೆಂಟ್ ಆಗಬೇಕಾದರೆ ಅನೇಕ ವಿಶ್ವವಿದ್ಯಾಲಯಗಳು ಮಾತಿನಲ್ಲಿ ಹೆಚ್ಚಿನ ಅಂಕ, ಇಲ್ಲವೆ ಪ್ರತ್ಯೇಕ ಪರೀಕ್ಷೆಯನ್ನೇ ಕೇಳುತ್ತವೆ. ಅಲ್ಲಿ ಎಡವಿದರೆ ಶುಲ್ಕ ವಿನಾಯಿತಿ, ತಿಂಗಳ ಭತ್ಯೆ ಎರಡೂ ಕೈತಪ್ಪಬಹುದು.

ಪಾಠ ಹೇಳುವವರ ಮಾತೇ ಅರ್ಥವಾಗದೆಂಬ ವಿದ್ಯಾರ್ಥಿಗಳ ದೂರೇ ಇದಕ್ಕೆ ಮೂಲ. ಬೋಧಕರ ಇಂಗ್ಲಿಷನ್ನು ಪರೀಕ್ಷಿಸಬೇಕೆಂದು ಪೆನ್ಸಿಲ್ವೇನಿಯಾ ರಾಜ್ಯ 1990ರಲ್ಲಿ ಕಾಯಿದೆಯನ್ನೇ ತಂದಿತು. ದೂರು ಪೂರ್ತಿ ಸುಳ್ಳೂ ಅಲ್ಲ. ಕನ್ನಡಿಗರು ಅಕ್ಷರಗಳನ್ನೆಲ್ಲ ಹೆಚ್ಚುಕಡಿಮೆ ಸಮನಾಗಿ ನುಡಿಯುತ್ತಾರೆ. ‘ಡೆವಲಪ್’ ಎಂದರೆ ಅಮೆರಿಕದವರಿಗೆ ನಡುವಿನ ಅಕ್ಷರ ಎದ್ದು ಕೇಳಬೇಕು. ನಮ್ಮವರ ‘ಡೌಟ್’ ಪ್ರಶ್ನೆ, ಅವರಿಗದು ಅಪನಂಬಿಕೆ.

ಆದರೆ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ಮುಖ ತೋರಿಸಿತು. ಅಮೆರಿಕನ್ ಮಹಿಳೆಯೊಬ್ಬರ ಧ್ವನಿಮುದ್ರಿತ ಪಾಠವನ್ನೇ ಎಲ್ಲ ವಿದ್ಯಾರ್ಥಿಗಳಿಗೂ ಕೇಳಿಸಲಾಯಿತು. ಕೆಲವರಿಗೆ ಬಿಳಿಯ ಮಹಿಳೆಯ ಚಿತ್ರ, ಉಳಿದವರಿಗೆ ಏಷ್ಯಾದ ಮಹಿಳೆಯ ಚಿತ್ರ ಎದುರಿಗಿತ್ತು. ಏಷ್ಯಾದ ಮುಖ ಕಂಡವರಿಗೆ ಪಾಠ ಕಡಿಮೆ ತಿಳಿಯಿತು. ಧ್ವನಿ ಮಾತ್ರ ಒಂದೇ!

ಉಚ್ಚಾರ ತಿದ್ದಿಕೊಳ್ಳುವುದು ಹೋದವರ ಕೆಲಸ, ಸರಿ. ಕೇಳುವ ಕಿವಿಗೂ ಒಂದು ಪರೀಕ್ಷೆ ಬೇಡವೆ?